ಮೂತ್ರದಲ್ಲಿ ರಕ್ತ: ಜೀನ್ ಟೆಸ್ಟ್ ಒಂದೇ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪನಿಗೆ 64 ವರ್ಷ. ಹುಡುಗರಾಗಿದ್ದಾಗಿಂದ ಬೀಡಿ ಸೇದುತ್ತಾರೆ. ಹೋದ ತಿಂಗಳು ಎರಡು ದಿನ ಮೂತ್ರ ಕೆಂಪಗೆ ಬಂತು, ನೋವು ಏನೂ ಇರಲಿಲ್ಲ. ‘ಉಷ್ಣ ಆಗಿತ್ತು, ಎಳನೀರು ಕುಡಿದೆ, ಸರಿಹೋಯ್ತು’ ಅಂತಾರೆ. ಯೂರಾಲಜಿ ಡಾಕ್ಟರು ಕ್ಯಾಮೆರಾ ಹಾಕಿ ನೋಡಬೇಕು ಅಂದಿದ್ದಕ್ಕೆ ಹೆದರಿ ಕೂತಿದ್ದಾರೆ. ಮೂತ್ರದಲ್ಲೇ ಜೀನ್ ನೋಡಿ ಕ್ಯಾನ್ಸರ್ ಹೇಳುವ ಟೆಸ್ಟ್ ಇದೆಯಂತೆ. ಅದನ್ನೇ ಮಾಡಿಸಿದರೆ ಆಗಲ್ವಾ?
– ಓದುಗ, ದಾವಣಗೆರೆ

ಉತ್ತರ: ಆಗಲ್ಲ. ರಕ್ತ ನಿಂತಿದ್ದು ಎಳನೀರಿನಿಂದ ಅಲ್ಲ. ಮೂತ್ರಚೀಲದ ಗಡ್ಡೆಗಳು ಹೀಗೇ, ಒಂದೆರಡು ದಿನ ರಕ್ತ ಬಂದು ತಾನಾಗೇ ನಿಂತು, ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡುತ್ತವೆ. ನೋವಿಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ಈ ವಯಸ್ಸಿನಲ್ಲಿ, ಅದೂ ಬೀಡಿ ಸೇದುವವರಲ್ಲಿ, ನೋವಿಲ್ಲದ ರಕ್ತವೇ ನಮಗೆ ಜಾಸ್ತಿ ಅನುಮಾನ ತರೋದು. ಕ್ಯಾನ್ಸರ್ರೇ ಅಂತ ನಾನು ಹೇಳುತ್ತಿಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ಊತ ಏನು ಬೇಕಾದರೂ ಇರಬಹುದು. ನೋಡದೆ ಗೊತ್ತಾಗಲ್ಲ, ಅಷ್ಟೇ.

ನೀವು ಕೇಳಿದ ಟೆಸ್ಟ್ ಸುಳ್ಳಲ್ಲ. ಮೂತ್ರಚೀಲದ ಒಳಪದರದ ಜೀವಕೋಶಗಳು ಮೂತ್ರದ ಜೊತೆ ಉದುರುತ್ತಿರುತ್ತವೆ, ಗಡ್ಡೆ ಇದ್ದರೆ ಅದರವೂ ಬರುತ್ತವೆ. ಟಿಇಆರ್‌ಟಿ ಅನ್ನುವ ಜೀನ್‌ನ ಸ್ವಿಚ್ಚಿನಂಥ ಜಾಗದಲ್ಲಿ ಆಗುವ ಬದಲಾವಣೆ ಈ ಕ್ಯಾನ್ಸರಿನಲ್ಲಿ ಬಹಳ ಸಾಮಾನ್ಯ, ಎಫ್‌ಜಿಎಫ್‌ಆರ್3 ಅನ್ನುವ ಜೀನ್‌ನ ಬದಲಾವಣೆ ಇನ್ನೊಂದು. ಯೂರೋವಿಷನ್ ಅನ್ನುವ ಟೆಸ್ಟ್ 3, 7, 17ನೇ ಕ್ರೋಮೋಸೋಮ್ ಹೆಚ್ಚಾಗಿವೆಯಾ, 9ನೆಯದರಲ್ಲಿ ಒಂದು ತುಂಡು ಕಾಣೆಯಾಗಿದೆಯಾ ಅಂತ ಬಣ್ಣದ ಚುಕ್ಕೆ ಎಣಿಸಿ ನೋಡುತ್ತದೆ. ನ್ಯೂಜಿಲೆಂಡಿನ ಸಿಎಕ್ಸ್‌ಬ್ಲಾಡರ್ ಅನ್ನುವ ಟೆಸ್ಟ್ ಐದು ಜೀನ್‌ಗಳ ಆರ್‌ಎನ್‌ಎ, ಅಂದರೆ ಜೀನ್ ಕೆಲಸ ಮಾಡುವಾಗ ಹೊರಡಿಸುವ ನಕಲು, ಎಷ್ಟಿದೆ ಅಂತ ಅಳೆಯುತ್ತದೆ.

ತೊಂದರೆ ಎಲ್ಲಿ ಅಂದರೆ, ಚಿಕ್ಕ, ನಿಧಾನವಾಗಿ ಬೆಳೆಯುವ ಗಡ್ಡೆ ಕೋಶಗಳನ್ನು ಕಡಿಮೆ ಉದುರಿಸುತ್ತದೆ, ಹಾಗಾಗಿ ರಿಪೋರ್ಟ್ ನೆಗೆಟಿವ್ ಬಂದರೂ ಗಡ್ಡೆ ಇರಬಹುದು. ಪಾಸಿಟಿವ್ ಬಂತು ಅಂತಿಟ್ಟುಕೊಳ್ಳಿ, ಗಡ್ಡೆ ಎಲ್ಲಿದೆ, ಎಷ್ಟಿವೆ ಅಂತ ನೋಡೋಕೆ ಮತ್ತೆ ಕ್ಯಾಮೆರಾನೇ ಬೇಕಲ್ವಾ? ರಿಪೋರ್ಟ್ ಹೇಗೆ ಬಂದರೂ ಕ್ಯಾಮೆರಾ ತಪ್ಪೋದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಅಮೆರಿಕದ ಯೂರಾಲಜಿ ಸಂಘ 2025ರಲ್ಲಿ ಇಂಥ ಟೆಸ್ಟಿಗೆ ಸ್ವಲ್ಪ ಜಾಗ ಕೊಟ್ಟಿದೆ ನಿಜ, ಆದರೆ ಅದು ಮೈಕ್ರೋಸ್ಕೋಪಿನಲ್ಲಷ್ಟೇ ರಕ್ತ ಕಂಡ, ಮಧ್ಯಮ ಅಪಾಯದವರಿಗೆ. ಕಣ್ಣಿಗೆ ಕಾಣುವಂತೆ ಕೆಂಪಗೆ ಹೋದವರಿಗಲ್ಲ.

ಅಪ್ಪನ ಹೆದರಿಕೆಗೆ ಒಂದು ಮಾತು: ಈಗ ಬಗ್ಗುವ ಸಣ್ಣ ನಳಿಕೆ ಇದೆ. ಮರಗಟ್ಟುವ ಜೆಲ್ಲಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಿಡುತ್ತಾರೆ. ನೋಡೋದು ಕೆಲವೇ ನಿಮಿಷ, ಬಹಳಷ್ಟು ಜನ ಅವತ್ತೇ ಮನೆಗೆ ಹೋಗುತ್ತಾರೆ. ಒಂದೆರಡು ದಿನ ಒಂದಕ್ಕೆ ಹೋದಾಗ ಉರಿ ಇರುತ್ತದೆ, ನೀರು ಜಾಸ್ತಿ ಕುಡಿಯಲಿ. ಖರ್ಚಿನ ಯೋಚನೆಯಾದರೆ ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಬೀಡಿ ಇವತ್ತೇ ಬಿಡಿಸಿ.

ಪ್ರಶ್ನೆ: ನಮ್ಮ ಮಾವನಿಗೆ ಮೂತ್ರಚೀಲದ ಗಡ್ಡೆ ತೆಗೆದಿದ್ದಾರೆ. ಪದೇ ಪದೇ ಕ್ಯಾಮೆರಾ ಅಂತಾರೆ, ಬದಲಿಗೆ ಮೂತ್ರದ ಟೆಸ್ಟ್ ಆಗುತ್ತದಾ?
– ಓದುಗರು, ಹಾಸನ

ಉತ್ತರ: ಬದಲಿಗೆ ಆಗಲ್ಲ. ಈ ಗಡ್ಡೆ ಮತ್ತೆ ಮತ್ತೆ ಬರುವಂಥದ್ದು, ಅದಕ್ಕೇ ಗಡ್ಡೆ ತೆಗೆದ ಮೇಲೆ ಮೂರನೇ ತಿಂಗಳ ಕ್ಯಾಮೆರಾ ತಪ್ಪಿಸಲೇಬೇಡಿ. ಬಯಾಪ್ಸಿ ರಿಪೋರ್ಟಿನಲ್ಲಿ ‘ಲೋ ಗ್ರೇಡ್’ (ನಿಧಾನವಾಗಿ ಬೆಳೆಯುವ ಗಡ್ಡೆ) ಅಂತಿದ್ದು, ಮೂರನೇ ತಿಂಗಳಲ್ಲಿ ಏನೂ ಕಾಣದಿದ್ದರೆ, ಆಮೇಲಿನ ಅಂತರ ಹೆಚ್ಚಿಸಬಹುದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ‘ಹೈ ಗ್ರೇಡ್’ (ಬೇಗ ಬೆಳೆಯುವ ಗಡ್ಡೆ) ಅಂತಿದ್ದರೆ ಕ್ಯಾಮೆರಾ ಜೊತೆಗೆ ಮೂತ್ರದ ಸೈಟಾಲಜಿಯನ್ನೂ (ಉದುರಿದ ಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಟೆಸ್ಟ್) ಮಾಡಿಸಿ, ಅಂಥ ಗಡ್ಡೆಯ ಕೋಶಗಳು ಅದರಲ್ಲಿ ಚೆನ್ನಾಗಿ ಸಿಗುತ್ತವೆ.