ನಡಿಗೆ ತಪ್ಪಿದ ದಿನಗಳ ಹೆಜ್ಜೆಗಳನ್ನು ಭಾನುವಾರ ತುಂಬಿಸುತ್ತೇನೆ, ಆದರೂ ಅಭ್ಯಾಸ ಬೇರೂರುತ್ತಿಲ್ಲ, ಇಚ್ಛಾಶಕ್ತಿ ಸಾಲದು. ಹೆಜ್ಜೆ ಎಣಿಸುವ ಯಾವ ವಾಚು ಕೊಳ್ಳಲಿ, ಬೆಳಿಗ್ಗೆ ನಡೆಯಲೇ, ಸಂಜೆಯೇ?

ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ, ವಾರದ ನಡುವೆ ತಪ್ಪಿದ್ದಕ್ಕೆ ಭಾನುವಾರ ದುಪ್ಪಟ್ಟು ನಡಿಗೆ, ತಿಂಗಳು ತುಂಬುವುದರೊಳಗೆ ಎಲ್ಲವೂ ಸ್ಥಗಿತ. ನೀವು ಬರೆದಿರುವುದನ್ನೆಲ್ಲ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಮೈಸೂರಿನಲ್ಲಿ ಮಾಡಿದ್ದೇನೆ.

ಆ ವರ್ಷದ ರಕ್ತಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಅಂಕಿ, ಶೇಕಡಾ 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ವೈದ್ಯರು ಮಾತ್ರೆ ಬರೆಯದೆ, ದಿನವೂ ನಡೆಯಿರಿ ಎಂದಷ್ಟೇ ಹೇಳಿ ಕಳುಹಿಸಿದರು. ಎಷ್ಟು ನಡೆಯಬೇಕೆಂದು ನಾನು ಕೇಳಲಿಲ್ಲ, ಏಕೆಂದರೆ ಫೋನಿನಲ್ಲಿದ್ದ ಆ್ಯಪ್ ಆಗಲೇ ಹತ್ತು ಸಾವಿರ ಎಂದು ತೋರಿಸುತ್ತಿತ್ತು. ಮರುದಿನವೇ ಕುಕ್ಕರಹಳ್ಳಿ ಕೆರೆಯ ದಾರಿ ಹಿಡಿದೆ. ಮೊದಲ ವಾರ ಸುಖವಾಗಿಯೇ ಕಳೆಯಿತು; ಕೆರೆಯ ಗಾಳಿ, ಮರಗಳ ಮೇಲಿನ ಹಕ್ಕಿಗಳು, ಎದುರಾದವರೊಡನೆ ಎರಡು ಮಾತು, ಇವೆಲ್ಲ ಇದ್ದಾಗ ನಡಿಗೆ ಶ್ರಮವೆನಿಸುವುದಿಲ್ಲ.

ತೊಂದರೆ ಆರಂಭವಾದದ್ದು ತಿಂಗಳ ಕೊನೆಯಲ್ಲಿ. ನನ್ನದು ಲೆಕ್ಕಪತ್ರ ವಿಭಾಗದ ಕೆಲಸ. ತಿಂಗಳ ಕೊನೆಯ ದಿನಗಳಲ್ಲಿ ಮನೆ ಸೇರುವಾಗ ರಾತ್ರಿಯಾಗುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ. ಹಾಗೆ ತಪ್ಪಿದ ದಿನಗಳನ್ನು ನಾನು ತಪ್ಪಿದವೆಂದು ಬಿಡಲಿಲ್ಲ, ಬಾಕಿಯೆಂದು ಬರೆದಿಟ್ಟುಕೊಂಡೆ. ಬುಧವಾರ ನಾಲ್ಕು ಸಾವಿರವಾದರೆ ಆರು ಸಾವಿರ ಬಾಕಿ, ಗುರುವಾರ ಮೂರು ಸಾವಿರವಾದರೆ ಇನ್ನೂ ಏಳು ಸಾವಿರ. ಹೀಗೆ ಬೆಳೆದ ಮೊತ್ತವನ್ನು ತೀರಿಸಲು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಇಳಿದು, ಬಳಿಕ ಕೆರೆಯ ಸುತ್ತಲೂ ನಡೆಯತೊಡಗಿದೆ. ಸಾವಿರ ಮೆಟ್ಟಿಲುಗಳ ಆ ದಾರಿಯಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಕಲ್ಲಿಗೂ ಅರಿಶಿನ ಕುಂಕುಮ ಹಚ್ಚುತ್ತ, ಪ್ರತಿ ಮೆಟ್ಟಿಲಿಗೂ ಬಾಗುತ್ತ ನಿಧಾನವಾಗಿ ಏರುತ್ತಿದ್ದರೆ, ನಾನು ಅವರನ್ನು ದಾಟಿಕೊಂಡು ಫೋನಿನ ಅಂಕಿಯನ್ನು ನೋಡುತ್ತ ಓಡುತ್ತಿದ್ದೆ. ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತದೆ, ಅದು ಗೊತ್ತಾಗುತ್ತದೆ. ಇಳಿಯುವಾಗ ಇಡೀ ದೇಹದ ಭಾರ ಮಂಡಿಗೂ ಹಿಮ್ಮಡಿಗೂ ಬೀಳುತ್ತದೆ, ಅದು ಆಗಲೇ ಗೊತ್ತಾಗುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಲಗಾಲನ್ನು ನೆಲಕ್ಕೆ ಊರಿದಾಗ ಹಿಮ್ಮಡಿಯ ಒಳಬದಿಗೆ ಮೊಳೆ ಹೊಡೆದಂತಾಯಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೋವು ತಗ್ಗಿತು. ಹಾಗೆ ತಗ್ಗಿದ್ದರಿಂದಲೇ ನಾನು ಅದನ್ನು ಲೆಕ್ಕಿಸದೆ ಮತ್ತೆ ನಡೆದೆ. ಪಾದದ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಚಾಚಿಕೊಂಡಿರುವ ಗಟ್ಟಿಯಾದ ಪಟ್ಟಿಯೊಂದಿದೆ. ಅದು ಒಗ್ಗಿಕೊಳ್ಳುವ ಮೊದಲೇ ಭಾರ ಹೇರಿದರೆ ಹಿಮ್ಮಡಿಗೆ ಅಂಟಿಕೊಂಡಿರುವ ಕಡೆ ಘಾಸಿಗೊಳ್ಳುತ್ತದೆ. ಮುಂಜಾನೆಯ ಮೊದಲ ಹೆಜ್ಜೆಯಲ್ಲಿ ಚುಚ್ಚುವ ನೋವು ಅದರ ಲಕ್ಷಣವೆಂದೂ, ಅದಕ್ಕೆ ಪ್ಲಾಂಟರ್ ಫೇಶಿಯೈಟಿಸ್ ಎಂಬ ಹೆಸರಿದೆಯೆಂದೂ ಮೂಳೆ ವೈದ್ಯರಿಂದ ತಿಳಿದೆ. ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಸ್ನಾಯುಗಳೂ ಬೇಗ ಬಲಗೊಳ್ಳುತ್ತವೆ, ಆದರೆ ಇಂಥ ಪಟ್ಟಿಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದ್ದರಿಂದ ನಡೆಯಬಲ್ಲೆನೆಂದು ದೇಹ ಹೇಳಿದ ಮಾತ್ರಕ್ಕೆ ಪಾದ ಒಪ್ಪಿದೆಯೆಂದು ತಿಳಿಯಬಾರದು. ಭಾನುವಾರದ ದುಪ್ಪಟ್ಟು ನಡಿಗೆ ಅಪಾಯಕಾರಿಯಾಗುವುದು ಇಲ್ಲಿಯೇ: ವಾರದ ಸರಾಸರಿ ಸರಿಯಾಗಿಯೇ ಕಾಣುತ್ತದೆ, ಪಾದಕ್ಕೆ ಬಿದ್ದ ಪೆಟ್ಟು ಮಾತ್ರ ಒಂದೇ ದಿನದ್ದು.

ಮುಂದಿನ ತಿಂಗಳುಗಳು ಗೋಡೆಗೆ ಕೈಯೂರಿ ಮೀನಖಂಡವನ್ನು ಎಳೆಯುವುದರಲ್ಲಿ, ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಪಾದದಡಿ ಉರುಳಿಸುವುದರಲ್ಲಿ ಕಳೆದವು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಬೇಕಾಯಿತು. ನಡಿಗೆ ಪೂರ್ತಿ ನಿಂತಿತ್ತು, ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ.

ಈಗ ನಿಮ್ಮ ಗುರಿಯ ಬಗ್ಗೆ ಹೇಳುತ್ತೇನೆ. ಹತ್ತು ಸಾವಿರವೆಂಬ ಅಂಕಿಯನ್ನು ಯಾವ ವೈದ್ಯರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲೇ ಆ ಸಂಖ್ಯೆಯಿತ್ತು, ಅಲ್ಲಿಂದ ಅದು ಹಬ್ಬಿತು. 2019ರಲ್ಲಿ ಪ್ರಕಟವಾದ, ಅಮೆರಿಕದ ವಯಸ್ಸಾದ ಮಹಿಳೆಯರ ಕುರಿತ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿಯೇ, 2,700ರಷ್ಟು ನಡೆಯುವವರಿಗಿಂತ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500ರ ಬಳಿಕ ಆ ಲಾಭ ಮತ್ತೆ ಏರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೆಜ್ಜೆಗಳನ್ನು ಎಣಿಸುವುದೇ ಇಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆನ್ನುತ್ತದೆ, ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಇರಲೇಬೇಕೆಂಬ ಹಳೆಯ ನಿಯಮವನ್ನೂ ಕೈಬಿಟ್ಟಿದೆ. ಮಧ್ಯಮ ಶ್ರಮವೆಂದರೆ ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಇದನ್ನು ತಿಳಿಯಲು ವಾಚು ಬೇಕಿಲ್ಲ.

ನಾನು ಎರಡನೆಯ ಬಾರಿ ಆರಂಭಿಸಿದ್ದು ರಾತ್ರಿಯ ಊಟದ ನಂತರ, ನಮ್ಮ ಬೀದಿಯಲ್ಲಿಯೇ, ಹದಿನೈದು ನಿಮಿಷ ಮಾತ್ರ. ಕೈತೊಳೆದ ತಕ್ಷಣ ಚಪ್ಪಲಿ ಸ್ಟ್ಯಾಂಡಿನ ಕಡೆಗೆ ಹೋಗುವುದು ಎಂಬ ಒಂದೇ ನಿಯಮವಿತ್ತು. ಊಟ ಎಂದೂ ತಪ್ಪುವುದಿಲ್ಲವಾದ್ದರಿಂದ ನಡಿಗೆಯೂ ಅಷ್ಟಾಗಿ ತಪ್ಪಲಿಲ್ಲ. ಊಟದ ಬಳಿಕ ರಕ್ತದಲ್ಲಿ ಏರುವ ಸಕ್ಕರೆಯನ್ನು ಕೆಲಸಮಾಡುವ ಸ್ನಾಯುಗಳು ಬಳಸಿಕೊಳ್ಳುವುದರಿಂದ, ಅನ್ನ ಮುದ್ದೆ ಉಣ್ಣುವ ನಮ್ಮಂಥವರಿಗೆ ಈ ಹೊತ್ತು ವಿಶೇಷವಾಗಿ ಪ್ರಯೋಜನಕಾರಿ. ಕೆರೆಯ ಕಡೆಗೆ ಹೋದದ್ದು ಇದು ಗಟ್ಟಿಯಾದ ಮೇಲೆಯೇ. ಮಳೆ ಬಂದರೆ ತಾರಸಿಯ ಮೆಟ್ಟಿಲಿನ ಪಕ್ಕದ ಹಜಾರದಲ್ಲಿ ನಡೆಯುತ್ತೇನೆ, ತಪ್ಪಿದರೆ ತಪ್ಪಿತು, ಮರುದಿನ ಅಷ್ಟೇ ನಡೆಯುತ್ತೇನೆ. ಸಕ್ಕರೆ ಈಗ ಹೊಸ್ತಿಲಿನಿಂದ ಈಚೆಗಿದೆ. ಊಟದಲ್ಲಿ ಅನ್ನ ಕಡಿಮೆ ಮಾಡಿದ್ದೂ ಅದಕ್ಕೆ ಕಾರಣವಿರಬೇಕು.

ಆದ್ದರಿಂದ ಬೆಳಿಗ್ಗೆಯೋ ಸಂಜೆಯೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ದಿನದಲ್ಲಿ ಎಂದೂ ತಪ್ಪದ ಕೆಲಸ ಯಾವುದಿದೆಯೋ ಅದರ ಬೆನ್ನಿಗೆ ನಡಿಗೆಯನ್ನು ಕಟ್ಟಿ. ಇಚ್ಛಾಶಕ್ತಿ ಸಾಲದೆಂದು ಬರೆದಿದ್ದೀರಿ. ವಾರಪೂರ್ತಿ ದುಡಿದು ಭಾನುವಾರ ಇಪ್ಪತ್ತು ಸಾವಿರ ಹೆಜ್ಜೆ ಹಾಕುವವರಿಗೆ ಅದರ ಕೊರತೆಯಿದೆಯೆಂದು ನಾನು ನಂಬುವುದಿಲ್ಲ. ಜೊತೆಗಾರರು ಸಿಕ್ಕರೆ ಸಂತೋಷ, ಆದರೆ ಅವರು ಬಾರದ ದಿನ ನೀವೂ ಹೊರಡುವುದಿಲ್ಲವೆಂದಾದರೆ ಒಬ್ಬರೇ ನಡೆಯಿರಿ. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಿರೆಂದು ಉದ್ಯಾನದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವವರಿಗೆ ಗಾಯವಾದದ್ದೇ ತಿಳಿಯದಿರಬಹುದಾದ್ದರಿಂದ ಅಂಥವರು ಆ ಮಾತನ್ನು ಕೇಳಬಾರದು.

ವಾಚಿಗೆಂದು ತೆಗೆದಿಟ್ಟ ಹಣದಲ್ಲಿ ಒಳ್ಳೆಯ ಶೂ ಕೊಳ್ಳಿ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆಯಾದ್ದರಿಂದ ಆಗಲೇ ಅಂಗಡಿಗೆ ಹೋಗಿ, ನಡೆಯುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಹಾಕಿಕೊಂಡು ಅಂಗಡಿಯೊಳಗೆ ನಾಲ್ಕು ಸುತ್ತು ನಡೆದು ನೋಡಿ. ಹಿಮ್ಮಡಿ ಜಾರದಂತೆ ಹಿಡಿದಿರಬೇಕು, ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು. ಬೆಳಿಗ್ಗೆ ಎದ್ದಾಗ ಹಿಮ್ಮಡಿ ಚುಚ್ಚುವುದು ಈಗಾಗಲೇ ಆರಂಭವಾಗಿದ್ದರೆ ಈ ಭಾನುವಾರದ ನಡಿಗೆಯನ್ನು ಬಿಟ್ಟು, ಮೊದಲು ವೈದ್ಯರಿಗೆ ತೋರಿಸಿ.