ಮಗಳು ಫಸ್ಟ್ ಪಿಯುಸಿ ಸೈನ್ಸ್, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಸಿಇಟಿ, ನೀಟ್, ಜೆಇಇ ಮೂರಕ್ಕೂ ಕೋಚಿಂಗ್ ಕೊಡಿಸಲೇಬೇಕಾ?

ಮೂರೂ ಬೇಕಿಲ್ಲ ಸರ್. ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಜೂನ್ ಬಂತೆಂದರೆ ಹೊಸದುರ್ಗ, ಜಗಳೂರು ಕಡೆಯ ಪೋಷಕರು ನಿಮ್ಮ ಹಾಗೇ ಕೇಳುತ್ತಾರೆ. ಮೊದಲು ಏನು ಓದಬೇಕು ಅಂತ ಮಗಳನ್ನೇ ಕೇಳಿ.

ಎಂಬಿಬಿಎಸ್ ಅಂದರೆ ನೀಟ್, ಬೇರೆ ದಾರಿ ಇಲ್ಲ. 180 ಪ್ರಶ್ನೆ, 720 ಅಂಕ, ತಪ್ಪಾದರೆ ಒಂದು ಅಂಕ ಕಟ್. ಜೆಇಇ ಬೇಕಾಗುವುದು ಸುರತ್ಕಲ್ ಎನ್‌ಐಟಿ, ಧಾರವಾಡ ಐಐಟಿ ಥರದ ಕಡೆಗೆ. ಇಲ್ಲಿನ ಯುಬಿಡಿಟಿ ಕಾಲೇಜಿನಲ್ಲೋ ಚಿತ್ರದುರ್ಗದಲ್ಲೋ ಇಂಜಿನಿಯರಿಂಗ್, ಇಲ್ಲ ಬಿಎಸ್ಸಿ ಅಗ್ರಿ, ಫಾರ್ಮಸಿ ಅಂದರೆ ನಮ್ಮ ರಾಜ್ಯದ ಸಿಇಟಿ ಸಾಕು.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಗೊತ್ತಿಲ್ಲದಿದ್ದರೂ ಒಂದೂ ಖಾಲಿ ಬಿಡಬಾರದು. ನೀಟ್ ಅಭ್ಯಾಸ ಮಾಡಿದ ಮಕ್ಕಳು ಇಲ್ಲೂ ಹೆದರಿ ಉತ್ತರದ ಹಾಳೆಯಲ್ಲಿ ಹತ್ತು ಹದಿನೈದು ಗೋಲ ಹಾಗೇ ಬಿಟ್ಟು ಬರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೋಚಿಂಗ್‌ನವರು ಜಾಸ್ತಿ ಹೇಳದ ವಿಷಯ ಇನ್ನೊಂದಿದೆ. ಇಂಜಿನಿಯರಿಂಗ್ ರ್‍ಯಾಂಕ್‌ಗೆ ಅರ್ಧ ಸಿಇಟಿ, ಇನ್ನರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಲೆಕ್ಕ ಹಾಕಿ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 72. ಶೇ. 95 ಮತ್ತು 40, ಸರಾಸರಿ 67.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ 225, ಸಿಇಟಿಯಲ್ಲಿ 99. ಅವನದು 65. ಸಿಇಟಿಯಲ್ಲಿ 27 ಅಂಕ ಹಿಂದಿದ್ದರೂ ಹುಡುಗಿಯೇ ಮುಂದೆ! ಪಿಯುಸಿ ಅಂಕದಲ್ಲಿ ಪ್ರಾಕ್ಟಿಕಲ್ ಅಂಕವೂ ಸೇರಿರುತ್ತದೆ, ಹಾಗಾಗಿ ಲ್ಯಾಬ್ ರೆಕಾರ್ಡ್ ಬರೆಯೋದು ಟೈಮ್ ವೇಸ್ಟ್ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಆದರೆ ನೀಟ್‌ನಲ್ಲಿ ಪಿಯುಸಿ ಅಂಕ ರ್‍ಯಾಂಕ್‌ಗೆ ಸೇರಲ್ಲ.

ಪಿಸಿಎಂಬಿ ಅಂತ ಬರೆದಿದ್ದೀರಿ, ಹಾಗಾದರೆ ಸಿಇಟಿಯಲ್ಲಿ ಬಯಾಲಜಿ ಪೇಪರನ್ನೂ ಬರೆಸಿ. ಅಗ್ರಿ ಬಾಗಿಲು ತೆರೆದಿರುತ್ತದೆ. ಅದರಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಕ್ಟಿಕಲ್ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಕೈ ಮಣ್ಣು ಮಾಡಿಕೊಂಡ ಹುಡುಗಿಗೆ ಅದು ಭಾರ ಆಗಲ್ಲ.

ಒಂದರಿಂದ ಹತ್ತನೇ ಕ್ಲಾಸ್ ತನಕ ಊರಲ್ಲೇ ಓದಿದ್ದರೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮೀಡಿಯಂ ಆಗಿದ್ದರೆ ಅದಕ್ಕೆ ಶೇ. 5. ಶಾಲೆಯ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಸ್ಪೆಲಿಂಗ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಂತೆಯೇ ಇದೆಯಾ ನೋಡಿ. ಇದನ್ನೆಲ್ಲ ದಸರಾ ರಜೆಯಲ್ಲೇ ಮುಗಿಸಿ. ಸಿಇಟಿ ಅರ್ಜಿ ಶುರುವಾದ ಮೇಲೆ ನಾಡಕಚೇರಿ ಮುಂದೆ ನಿಲ್ಲೋಕೆ ಜಾಗ ಇರಲ್ಲ.