ಕ್ವಾರ್ಟರ್‌ಬ್ಯಾಕ್‌ನ ಗುರಿ ಕೆಡುವುದು ತೋಳಿನಲ್ಲಲ್ಲ, ಪಾದದಲ್ಲಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ಪಾಸುಗಳನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಕಾಲೇಜಿನ ಮೊದಲ ವರ್ಷದಲ್ಲೇ ಎಲ್ಲರ ಹುಬ್ಬೇರಿಸಿದ ಕ್ವಾರ್ಟರ್‌ಬ್ಯಾಕ್ ಎರಡನೆಯ, ಮೂರನೆಯ ವರ್ಷಕ್ಕೆ ಸುಲಭದ ಪಾಸುಗಳನ್ನೂ ಗುರಿ ತಪ್ಪಿ ಎಸೆಯತೊಡಗಿ ನಿಖರತೆ ಕಳೆದುಕೊಳ್ಳುವುದೇಕೆ, ಅವನ ತೋಳಿಗೆ ಏನಾಗುತ್ತದೆ ಎಂದು ನೀವು ಕೇಳಿದ್ದೀರಿ. ಭುಜಕ್ಕೋ ಮೊಣಕೈಗೋ ಪೆಟ್ಟಾದ ಪ್ರಸಂಗಗಳನ್ನು ಬಿಟ್ಟರೆ, ತೋಳಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಕೆಡುವುದು ಪಾದ, ಮತ್ತು ಪಾದವನ್ನು ಕೆಡಿಸುವುದು ಮೇಲಿಂದ ಮೇಲೆ ಬೀಳುವ ಹೊಡೆತ. ನಾನು ಕಣ್ಣಾರೆ ಕಂಡ ಒಬ್ಬ ಆಟಗಾರನನ್ನೇ ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಾನು ಎಂ.ಎಸ್. ಓದುತ್ತಿದ್ದಾಗ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಕ್ರಿಶ್ಚಿಯನ್ ಹ್ಯಾಕನ್‌ಬರ್ಗ್. 2013ರಲ್ಲಿ, ಶಾಲೆ ಮುಗಿಸಿ ಬಂದ ವರ್ಷವೇ, ಬಿಲ್ ಓಬ್ರಯನ್ ಅವರ ತರಬೇತಿಯಲ್ಲಿ ಆತ ಪಾಸುಗಳಿಂದಲೇ ತಂಡವನ್ನು ಒಟ್ಟು 2,955 ಗಜ ಮುಂದೊಯ್ದು 20 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್‌ಲೈನ್ ದಾಟಿಸುವುದು) ಗಳಿಸಿಕೊಟ್ಟ. ಎಸೆದ ನೂರು ಪಾಸುಗಳಲ್ಲಿ ಸುಮಾರು 59 ತನ್ನವರ ಕೈ ಸೇರುತ್ತಿದ್ದವು. 2014ರಲ್ಲಿ ಆ ಪ್ರಮಾಣ ಶೇ. 55.8ಕ್ಕೆ, 2015ರಲ್ಲಿ ಶೇ. 53.5ಕ್ಕೆ ಇಳಿಯಿತು. ಅನುಭವ ಹೆಚ್ಚಿದಂತೆ ಏರಬೇಕಾದ ಅಂಕಿ ವರ್ಷದಿಂದ ವರ್ಷಕ್ಕೆ ಜಾರಿತು. ಅಲ್ಲಿನ ಬೀವರ್ ಸ್ಟೇಡಿಯಂನಲ್ಲಿ ವಿದ್ಯಾರ್ಥಿಗಳು ಕೂರುವ ಪದ್ಧತಿಯಿಲ್ಲ, ಇಡೀ ಪಂದ್ಯ ಬೆಂಚಿನ ಮೇಲೆ ನಿಂತೇ ನೋಡುತ್ತಾರೆ. ಹಾಗೆ ನಿಂತು, ಐದಾರು ಗಜ ದೂರದಲ್ಲಿ ಯಾರ ಕಾವಲೂ ಇಲ್ಲದೆ ನಿಂತವನ ಕಾಲ ಬುಡಕ್ಕೆ ಚೆಂಡು ಬೀಳುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಆ ಚೆಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ಎಸೆದರೆ ವಿಷಯ ಅರ್ಧ ಅರ್ಥವಾಗುತ್ತದೆ. ಅದರ ತೂಕ 400 ಗ್ರಾಂಗಿಂತ ತುಸು ಹೆಚ್ಚು, ಅಂದರೆ ಕ್ರಿಕೆಟ್ ಚೆಂಡಿನ ಎರಡೂವರೆ ಪಟ್ಟು. ಬೌಂಡರಿಯಿಂದ ಕೀಪರ್ ಕೈಗೆ ಎಸೆದು ರೂಢಿಯಿದ್ದ ನಾನು ಮೊದಲ ದಿನ ತೋಳನ್ನೇ ನಂಬಿ ಬೀಸಿದೆ. ಚೆಂಡು ಓಲಾಡುತ್ತ ಹೋಗಿ, ಎದುರಿದ್ದ ಸಹಪಾಠಿಯ ತಲೆಯ ಮೇಲಿನಿಂದ ಹಾರಿತು. ಅವನು ನನ್ನ ಕೈಯನ್ನು ತಿದ್ದಲಿಲ್ಲ. ಹತ್ತಿರ ಬಂದು, ತನ್ನ ಬೂಟಿನ ತುದಿಯಿಂದ ನನ್ನ ಎಡಗಾಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ, ಅಷ್ಟೆ. ಬಲಗೈಯಲ್ಲಿ ಎಸೆಯುವವನ ಎಡಗಾಲು ಗುರಿಯ ಕಡೆಗೆ ಚಿಕ್ಕದೊಂದು ಹೆಜ್ಜೆಯಿಟ್ಟು ಗಟ್ಟಿಯಾಗಿ ಊರಬೇಕು, ಅದರ ಮೇಲೆ ಸೊಂಟ ತಿರುಗಬೇಕು, ಸೊಂಟದ ಹಿಂದೆ ಭುಜ, ಭುಜದ ಹಿಂದೆ ಕೈ ಬರಬೇಕು. ಹೆಜ್ಜೆ ಉದ್ದವಾಗಿ ಮೈಭಾರ ಹಿಂಗಾಲಿನಲ್ಲೇ ಉಳಿದರೆ ಚೆಂಡು ಮೇಲೇರುತ್ತದೆ. ಹೆಜ್ಜೆ ಅಡ್ಡಲಾಗಿ ಬಿದ್ದು ಸೊಂಟ ಸಿಕ್ಕಿಕೊಂಡರೆ, ಕೈ ಒಂಟಿಯಾಗಿ ಮೈಗೆ ಅಡ್ಡ ಬೀಸಬೇಕಾಗುತ್ತದೆ, ಆಗ ಚೆಂಡು ಎಲ್ಲಿಗೆ ಹೋಗುತ್ತದೆಂದು ಎಸೆದವನಿಗೂ ತಿಳಿಯದು. ವೇಗದ ಬೌಲರ್‌ನ ಮುಂಗಾಲು ಕುಸಿದರೆ ಏನಾಗುತ್ತದೆಂದು ಬಲ್ಲವರಿಗೆ ಇದು ಹೊಸದಲ್ಲ.

ಈಗ ಆ ಹೆಜ್ಜೆಯಿಡಲು ಬೇಕಾದ ಜಾಗ ಮತ್ತು ಸಮಯವನ್ನು ಯೋಚಿಸಿ. ಅದನ್ನು ಒದಗಿಸುವುದು ಎದುರಾಳಿಗಳನ್ನು ತಡೆದು ನಿಲ್ಲುವ ಐವರು ಭಾರೀ ಆಳುಗಳ ಆಫೆನ್ಸಿವ್ ಲೈನ್. 2012ರಲ್ಲಿ ಪೆನ್ ಸ್ಟೇಟ್ ಮೇಲೆ ಬಿದ್ದ ಶಿಕ್ಷೆಯಿಂದಾಗಿ ಆಟಗಾರರಿಗೆ ಕೊಡಬಹುದಾದ ವಿದ್ಯಾರ್ಥಿವೇತನಗಳು ಕಡಿತಗೊಂಡು ತಂಡ ಬಡವಾಗಿತ್ತು. 2013ರ ಋತು ಮುಗಿದಾಗ ಲೈನಿನ ಅನುಭವಿಗಳೂ ಹೊರನಡೆದರು. ಡಿಫೆನ್ಸ್‌ನಲ್ಲಿ ಆಡುತ್ತಿದ್ದ ಇಬ್ಬರನ್ನು ಈ ಕಡೆಗೆ ತಂದು ಲೈನಿನ ಗಾರ್ಡ್ ಎಂಬ ಸ್ಥಾನದಲ್ಲಿ ನಿಲ್ಲಿಸಬೇಕಾಯಿತು. ಆ ವರ್ಷ, ಅಂದರೆ 2014ರಲ್ಲಿ, ತಂಡ 44 ಸ್ಯಾಕ್ ಅನುಭವಿಸಿತು. ಚೆಂಡು ಕೈಯಲ್ಲಿರುವಾಗಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ, ಚೆಂಡು ಬಿಟ್ಟ ಮೇಲೆ ಬಿದ್ದ ಏಟುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. 2015ರ ಮೊದಲ ಪಂದ್ಯದಲ್ಲಿ ಟೆಂಪಲ್ ತಂಡವೊಂದೇ ಹತ್ತು ಬಾರಿ ಸ್ಯಾಕ್ ಮಾಡಿ 27-10ರಿಂದ ಗೆದ್ದಿತು. ಇಂಥ ಪೆಟ್ಟು ತಿಂದ ಮೈ ತನ್ನ ಪಾಡಿಗೆ ತಾನು ಪಾಠ ಕಲಿಯುತ್ತದೆ: ಕಣ್ಣು ಪಾಸ್ ಹಿಡಿಯಬೇಕಾದ ದೂರದ ರಿಸೀವರ್‌ನನ್ನು ಬಿಟ್ಟು ಹತ್ತಿರ ನುಗ್ಗುವವನತ್ತ ಇಳಿಯುತ್ತದೆ, ಕಾಲು ಊರುವ ಮೊದಲೇ ಕೈ ಚೆಂಡು ಬಿಡುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಯಾರೂ ನುಗ್ಗದ ಆಟದಲ್ಲೂ ಈ ಅಭ್ಯಾಸ ಬಿಡುವುದಿಲ್ಲ ಎಂಬುದೇ ದುರಂತ. ಇದನ್ನೇ ಜನ ಆತ್ಮವಿಶ್ವಾಸ ಕಳೆದುಕೊಂಡ ಎನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ; ಭಯವನ್ನು ಮನಸ್ಸು ಮರೆತರೂ ಕಾಲು ಮರೆತಿರುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿರುವ ‘ಕಳೆದುಕೊಳ್ಳುವುದು’ ಎಂಬ ಪದವನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಶೇ. 59 ಎಂಬುದು ಮೊದಲೇ ಅಷ್ಟೇನೂ ದೊಡ್ಡ ಅಂಕಿಯಲ್ಲ. 2013ರಲ್ಲಿ ಆತನಿಗೆ ಅಲೆನ್ ರಾಬಿನ್ಸನ್ ಎಂಬ ರಿಸೀವರ್ ಇದ್ದ, ಒಂದೇ ಋತುವಿನಲ್ಲಿ 97 ಕ್ಯಾಚು ಹಿಡಿದವನು. ಮಿಷಿಗನ್ ವಿರುದ್ಧ ಕೊನೆಯ ನಿಮಿಷದಲ್ಲಿ ಗೋಲ್‌ಲೈನ್ ಪಕ್ಕದಲ್ಲಿ ಅವನು ಮೇಲಕ್ಕೆ ನೆಗೆದು ಹಿಡಿದ ಚೆಂಡನ್ನು ನೋಡಿದವರು, ಆ ಪಾಸ್ ನಿಖರವಾಗಿತ್ತೋ ಹಿಡಿದವನು ಅದನ್ನು ನಿಖರ ಮಾಡಿದನೋ ಎಂದು ಕೇಳಿಕೊಳ್ಳಲೇಬೇಕು. ಮರುವರ್ಷ ರಾಬಿನ್ಸನ್ ವೃತ್ತಿಪರ ಲೀಗ್ ಆದ ಎನ್ಎಫ್ಎಲ್‌ಗೆ ಹೋದ, ಓಬ್ರಯನ್ ಕೂಡ ಹ್ಯೂಸ್ಟನ್ ತಂಡದ ಕೋಚ್ ಆಗಿ ಹೋದರು. ಹೊಸ ಕೋಚ್ ಜೇಮ್ಸ್ ಫ್ರ್ಯಾಂಕ್ಲಿನ್ ಅವರೊಂದಿಗೆ ಬೇರೆ ಪದ್ಧತಿ ಬಂತು. ಯಾವ ಹೆಜ್ಜೆಗೆ ಯಾವ ರಿಸೀವರ್ ತಿರುಗುತ್ತಾನೆ ಎಂಬ ತಾಳವೇ ಬದಲಾದಾಗ, ಅರ್ಧ ಸೆಕೆಂಡ್ ತಡವಾಗಿ ಬಿಟ್ಟ ಒಳ್ಳೆಯ ಪಾಸೂ ಅಂಕಿಅಂಶದಲ್ಲಿ ಗುರಿ ತಪ್ಪಿದ ಪಾಸೇ ಆಗುತ್ತದೆ.

ಹಾಗೆಂದು ಎಲ್ಲವೂ ರಾಬಿನ್ಸನ್‌ನ ಕೃಪೆ ಎನ್ನಲಾಗದು. 2014ರ ಡಿಸೆಂಬರ್‌ನಲ್ಲಿ, ಒಂದು ತಿಂಗಳ ಬಿಡುವಿನ ನಂತರ, ನ್ಯೂಯಾರ್ಕ್‌ನ ಪಿನ್‌ಸ್ಟ್ರೈಪ್ ಬೌಲ್ ಎಂಬ ಋತು ಕೊನೆಯ ಪಂದ್ಯದಲ್ಲಿ ಇದೇ ಹ್ಯಾಕನ್‌ಬರ್ಗ್ 50 ಪಾಸುಗಳಲ್ಲಿ 34 ಮುಟ್ಟಿಸಿ, 371 ಗಜ, ನಾಲ್ಕು ಟಚ್‌ಡೌನ್‌ಗಳೊಂದಿಗೆ ಬಾಸ್ಟನ್ ಕಾಲೇಜನ್ನು ಸೋಲಿಸಿದ. ಕಾಲೂರಲು ಅವಕಾಶ ಸಿಕ್ಕ ದಿನ ಕೈ ಸರಿಯಾಗಿಯೇ ಇತ್ತು.

2016ರಲ್ಲಿ ಎನ್ಎಫ್ಎಲ್‌ನ ನ್ಯೂಯಾರ್ಕ್ ಜೆಟ್ಸ್ ತಂಡ ಆತನನ್ನು ಹೊಸ ಆಟಗಾರರ ಆಯ್ಕೆಯ ಎರಡನೆಯ ಸುತ್ತಿನಲ್ಲಿ ಆರಿಸಿಕೊಂಡಿತು; ಎರಡು ವರ್ಷ ಇಟ್ಟುಕೊಂಡರೂ ಲೀಗಿನ ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ರೂಢಿಯಾದ ಹೆಜ್ಜೆಯನ್ನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತಿದ್ದುವುದು ಸಾಧ್ಯ, ಆದರೆ ಅದಕ್ಕೆ ಬೇಕಾದ ಸಾವಿರಾರು ಎಸೆತಗಳನ್ನು ಬೆಂಚಿನ ಮೇಲೆ ಕೂತು ಎಸೆಯಲಾಗುವುದಿಲ್ಲ. ತೋಳಿಗೆ ಏನಾಯಿತು ಎಂದು ಕೇಳಿದಿರಲ್ಲ: 2020ರಲ್ಲಿ ಆತ ಅದೇ ತೋಳನ್ನು ನೆಚ್ಚಿ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್ ಆಗಲು ಹೊರಟ.